ಫ್ಲೋರಿನ್ ನೀರೋ, ಫ್ಲೋರೈಡ್ ನೀರೋ?

ಎಲ್ಲರಿಗೂ ನಮಸ್ಕಾರ. ಗದಗ ಜಿಲ್ಲೆಯಲ್ಲಿ, ಅದರಲ್ಲೂ ಮುಂಡರಗಿ ಕಡೆ, ಬೋರ್‌ವೆಲ್ ನೀರಿನ ಮಾತು ಬಂದರೆ ಕೆಲವರು 'ಫ್ಲೋರಿನ್ ನೀರು' ಅಂತಾರೆ, ಕೆಲವರು 'ಫ್ಲೋರೈಡ್ ನೀರು' ಅಂತಾರೆ. ಬರಹದಲ್ಲೂ ಎರಡೂ ಕಾಣುತ್ತವೆ, ಒಮ್ಮೊಮ್ಮೆ ಒಂದೇ ಪ್ಯಾರಾದಲ್ಲಿ. ಹಳ್ಳಿ ಶಾಲೆಯ ಗೋಡೆಗೆ ಒಂದು ಚಾರ್ಟ್ ಬರೆಯುತ್ತಿದ್ದೇನೆ, ಅದಕ್ಕೇ ಕೇಳುತ್ತಿದ್ದೇನೆ.

ನನ್ನ ಪ್ರಕಾರ ಫ್ಲೋರೈಡ್ ಒಂದೇ ಸರಿ. ಫ್ಲೋರಿನ್ ಅನ್ನುವುದು ತಿಳಿ ಹಳದಿ ಅನಿಲ. ನೀರಿನ ಜೊತೆಗೂ ಜಗಳಕ್ಕೆ ನಿಲ್ಲುವಂಥದ್ದು, ಅದು ಬೋರ್‌ವೆಲ್‌ನಲ್ಲಿ ಬಿಡಿಯಾಗಿ ಉಳಿಯುವ ಮಾತೇ ಇಲ್ಲ. ಅದರ ಪರಮಾಣುವಿನಲ್ಲಿ 9 ಎಲೆಕ್ಟ್ರಾನ್, ಒಳ ಕವಚದಲ್ಲಿ 2, ಹೊರಗೆ 7. ಹೊರಗೆ ಇನ್ನೊಂದಕ್ಕೆ ಜಾಗ ಇದೆ. ಆ ಒಂದು ಬಂದು ಸೇರಿದರೆ ಪ್ರೋಟಾನ್ 9, ಎಲೆಕ್ಟ್ರಾನ್ 10, ಅಂದರೆ ಒಂದು ಋಣ ಹೆಚ್ಚಾಯಿತು. ಇದೇ ಫ್ಲೋರೈಡ್ ಅಯಾನು (ಎಲೆಕ್ಟ್ರಾನ್ ಪಡೆದು ಅಥವಾ ಬಿಟ್ಟು ವಿದ್ಯುದಂಶ ಹೊತ್ತ ಪರಮಾಣುವೇ ಅಯಾನು). ಇನ್ನು ಫ್ಲೋರೈಟ್ ಅನ್ನುವ ಖನಿಜ ನೋಡಿ: ಅಲ್ಲಿ ಒಂದೊಂದು ಕ್ಯಾಲ್ಸಿಯಂ 2 ಎಲೆಕ್ಟ್ರಾನ್ ಬಿಟ್ಟುಕೊಟ್ಟು ಧನ ಅಯಾನು ಆಗಿರುತ್ತದೆ, ಅದಕ್ಕೆ ಎರಡೆರಡು ಫ್ಲೋರೈಡ್ ಜೊತೆ. ಧನ, ಋಣಗಳ ಆ ಸೆಳೆತವೇ ಅಯಾನಿಕ ಬಂಧ. ಕಲ್ಲಿನಲ್ಲಿ ಇರುವುದೂ ಫ್ಲೋರೈಡೇ, ಸವೆದು ನೀರಿಗೆ ಇಳಿಯುವುದೂ ಫ್ಲೋರೈಡೇ. 'ಕಲ್ಲು ಕರಗಿ ಫ್ಲೋರಿನ್ ಬಿಡುಗಡೆಯಾಗುತ್ತದೆ' ಅಂತ ಬರೆದರೆ ಅರ್ಥವೇ ಕೆಟ್ಟಿತು. (ಪಡೆದವನ ತಲೆಗೆ ಋಣ ಅನ್ನುವುದು ಕನ್ನಡದಲ್ಲಿ ಸೊಗಸಾಗಿ ಹೊಂದುತ್ತದೆ, ಮಕ್ಕಳು ಮರೆಯಲ್ಲ. ಕೊಟ್ಟವನಿಗೆ ಧನ ಹೇಗೆ ಬಂತು ಸರ್ ಅಂದರೆ ಮಾತ್ರ ಪೇಚು.)

ಇದಕ್ಕೆ ಒಂದು ಆಕ್ಷೇಪ ಬರಬಹುದು. 'ಬಿಪಿ ಇದ್ದವರು ಸೋಡಿಯಂ ಕಡಿಮೆ ಮಾಡಿ' ಅಂತ ಡಾಕ್ಟರು ಹೇಳುತ್ತಾರಲ್ಲ, ಅಲ್ಲಿ ಅಯಾನು ಅಂತ ಯಾರೂ ಸೇರಿಸಲ್ಲ. ಸೋಡಿಯಂ ಲೋಹ ನೀರಿಗೆ ಬಿದ್ದರೆ ಸಿಡಿಯುತ್ತದೆ, ಆದರೂ ಯಾರಿಗೂ ಗೊಂದಲ ಆಗಿಲ್ಲ. ಹಾಗಿರುವಾಗ ಫ್ಲೋರಿನ್ ಅಂದರೆ ಏನಂತೆ? ಅನ್ನಬಹುದು. ಆದರೆ ಹೆಸರಿಡುವ ಪದ್ಧತಿಯೇ ಹಾಗಿದೆ. ಎಲೆಕ್ಟ್ರಾನ್ ಬಿಟ್ಟ ಲೋಹ ತನ್ನ ಹೆಸರನ್ನೇ ಇಟ್ಟುಕೊಳ್ಳುತ್ತದೆ, ಸೋಡಿಯಂ ಸೋಡಿಯಂ ಆಗಿಯೇ ಇರುತ್ತದೆ, ಕ್ಯಾಲ್ಸಿಯಂ ಕೂಡ. ಎಲೆಕ್ಟ್ರಾನ್ ಪಡೆದ ಅಲೋಹದ ಹೆಸರಿಗೆ ಮಾತ್ರ ಕೊನೆಯಲ್ಲಿ 'ಐಡ್' ಬರುತ್ತದೆ: ಕ್ಲೋರೈಡ್, ಆಕ್ಸೈಡ್, ಸಲ್ಫೈಡ್. ಬೇರೆ ಹೆಸರು ಇದ್ದೂ ಅದನ್ನು ಬಿಟ್ಟು ಬರೆಯುವುದು ಯಾಕೆ?

ನೀರಿನ ವಿಷಯದಲ್ಲಿ ಈ ವ್ಯತ್ಯಾಸ ಸುಮ್ನೆ ವ್ಯಾಕರಣದ್ದಲ್ಲ. ಹುಬ್ಬಳ್ಳಿಯಲ್ಲಿ ನಲ್ಲಿ ನೀರು ವಾಸನೆ ಬಂದರೆ 'ಕ್ಲೋರಿನ್ ಜಾಸ್ತಿ ಹಾಕಿದಾರೆ' ಅಂತೀವಿ, ಅದು ಸರಿ, ಹಾಕುವುದು ಕ್ರಿಮಿ ಕೊಲ್ಲುವ ಕ್ಲೋರಿನ್ನೇ. ಅದೇ ನೀರನ್ನು ಲ್ಯಾಬಿಗೆ ಕೊಟ್ಟರೆ ವರದಿಯಲ್ಲಿ 'ಕ್ಲೋರೈಡ್' ಅಂತ ಬೇರೆಯೇ ಸಾಲು ಇರುತ್ತದೆ, ಅದು ಉಪ್ಪಿನ ಅಂಶ, ಕ್ರಿಮಿಗೂ ಅದಕ್ಕೂ ಸಂಬಂಧ ಇಲ್ಲ. ಒಂದೇ ಲೋಟದಲ್ಲಿ ಎರಡೂ ಇರಬಹುದು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲೂ ಮಿತಿ ಹೇಳಿರುವುದು ಫ್ಲೋರೈಡಿಗೆ: ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5 ತನಕ.

'ಅಯಾನ್' ಬೇಕೋ 'ಅಯಾನು' ಬೇಕೋ ಅನ್ನುವುದಕ್ಕೆ ನಾನು ತಲೆ ಕೆಡಿಸಿಕೊಂಡಿಲ್ಲ. ಬಹುವಚನಕ್ಕೆ 'ಅಯಾನುಗಳು' ಸಲೀಸು, ಅಷ್ಟೆ.

ನಿಜವಾಗಿ ಸಿಕ್ಕಿಕೊಂಡಿರುವುದು ಇನ್ನೊಂದು ಕಡೆ. 'ಸವಳು ನೀರು' ಅನ್ನುವ ಮಾತಿನೊಳಗೆ ಜನ ಫ್ಲೋರೈಡನ್ನೂ ಸೇರಿಸಿಬಿಡುತ್ತಾರೆ. ಸವಳು ಬಾಯಿಗೆ ಗೊತ್ತಾಗುತ್ತದೆ, ಈ ಪ್ರಮಾಣದ ಫ್ಲೋರೈಡ್ ಗೊತ್ತಾಗಲ್ಲ. 'ಗಡಸು' ಅನ್ನೋಣ ಅಂದರೆ ಅದೂ ಆಗಲ್ಲ, ಗಡಸು ಬರುವುದು ಮುಖ್ಯವಾಗಿ ಕ್ಯಾಲ್ಸಿಯಂನಂಥವುಗಳಿಂದ; ಕ್ಯಾಲ್ಸಿಯಂ ಫ್ಲೋರೈಡ್ ನೀರಿನಲ್ಲಿ ಕರಗುವುದೇ ಕಡಿಮೆ, ಹಾಗಾಗಿ ಕ್ಯಾಲ್ಸಿಯಂ ಜಾಸ್ತಿ ಇರುವ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆಯೇ. ರುಚಿಯಲ್ಲಿ ಸಿಹಿನೀರು, ಆದರೆ ಕುಡಿದ ಮಕ್ಕಳ ಹಲ್ಲು ಕಲೆಗಟ್ಟುತ್ತವೆ. ಇಂಥ ನೀರಿಗೆ ಹಾವೇರಿ, ಧಾರವಾಡ, ರೋಣದ ಕಡೆ ಆಡುಮಾತಿನಲ್ಲಿ ಬೇರೆ ಹೆಸರು ಇದೆಯಾ? ಇದ್ದರೆ ಚಾರ್ಟಿನಲ್ಲಿ 'ಫ್ಲೋರೈಡ್' ಪಕ್ಕದಲ್ಲೇ ಅದನ್ನೂ ಬರೆಯುತ್ತೇನೆ.