ಮೆಲನೋಮಾ ಅನ್ನೋ ಚರ್ಮದ ಕ್ಯಾನ್ಸರಿಗೆ ಕನ್ನಡದಲ್ಲಿ ಏನಂತೀರಿ? ಅರ್ಜೆಂಟು, ನಾಳೆ ಪ್ರಿಂಟು

(ಚಿಂತಾಮಣಿ)
ಎಲ್ರಿಗೂ ನಮಸ್ಕಾರ. ಭಾನುವಾರ ಇಲ್ಲಿ ಚರ್ಮದ ತಪಾಸಣೆ ಕ್ಯಾಂಪು, ಫ್ಲೆಕ್ಸ್ ಬೆಳಿಗ್ಗೆ ಪ್ರಿಂಟಿಗೆ ಹೋಗ್ಬೇಕು. ಡಾಕ್ಟ್ರು ಇಂಗ್ಲಿಷಲ್ಲಿ ಬರ್ಕೊಟ್ಟಿದಾರೆ: 2020ರಲ್ಲಿ ಪ್ರಪಂಚದಲ್ಲಿ ಸುಮಾರು 3.25 ಲಕ್ಷ ಜನಕ್ಕೆ ಮೆಲನೋಮಾ, 57,000 ಸಾವು, ಆಸ್ಟ್ರೇಲಿಯಾ ನ್ಯೂಜಿಲೆಂಡ್ ಬಿಳಿಯರಲ್ಲಿ ಬಲು ಜಾಸ್ತಿ, ನಮ್ಮಂಥ ಮೈಬಣ್ಣದೋರಿಗೆ ಕಮ್ಮಿ, ಆದ್ರೆ ಬಂದ್ರೆ ಅಂಗಾಲು ಅಂಗೈ ಉಗುರಿನಡಿ ಬರೋದ್ರಿಂದ ತಡವಾಗಿ ಗೊತ್ತಾಗೋದು. ‘ಕಪ್ಪು ಚರ್ಮದವರು’ ಅಂತ ಹಾಕಿದ್ರೆ ಬೈದಂಗಾಗಲ್ವಾ? ಮೆಲನೋಮಾಗೆ ಪದ ಏನು?

(ಕೋಲಾರ)
ಚರ್ಮ ಸಂಸ್ಕೃತ. ನಮ್ದು ತೊಗಲು. ಕ್ಯಾನ್ಸರ್ ಅಂದ್ರೆ ಲ್ಯಾಟಿನ್ನಲ್ಲಿ ಏಡಿ, ಗ್ರೀಕಿನ ಕಾರ್ಕಿನೋಸೂ ಅದೇ, ಗಡ್ಡೆ ಸುತ್ತ ನರ ಏಡಿ ಕಾಲಿನಂಗೆ ಹರಡಿರೋದು ನೋಡಿ ಇಟ್ಟಿದ್ದಂತೆ. ಹಂಗಾಗಿ ತೊಗಲೇಡಿಹುಣ್ಣು. ಮೆಲನೋಮಾ ಕರಿಗಂತಿ. ಅರ್ಬುದ ಮಾತ್ರ ಬೇಡ, ಅದು ಹತ್ತು ಕೋಟಿ ಅನ್ನೋ ಲೆಕ್ಕ.

(ತುಮಕೂರು)
ತೊಗಲು ಅಂದ್ರೆ ನಮ್ ಕಡೆ ಚಪ್ಪಲಿ, ತಮಟೆ, ಗೊಂಬೆಯಾಟ. ಬದುಕಿರೋರ ಮೈಮೇಲಿರೋದನ್ನ ನಮ್ಮಜ್ಜಿನೂ ಚರ್ಮ ಅಂತಾನೇ ಅಂದಿದ್ದು. ತೊಗಲೇಡಿಹುಣ್ಣು ಅಂತ ಓದಿದ್ರೆ ಕೆರೆ ಏಡಿ ಕಚ್ಚಿ ಹುಣ್ಣಾಗಿದೆ ಅಂದ್ಕೊಳ್ತಾರೆ ಸಾರ್. ಸೀರೆ ಲಂಗ ಪಂಚೆ ವರ್ಷಗಟ್ಲೆ ಸೊಂಟಕ್ಕೆ ಬಿಗಿದು ಉಜ್ಜಿ ಉಜ್ಜಿ ಬರೋದಕ್ಕೆ ಡಾಕ್ಟ್ರುಗಳು ಇಂಗ್ಲಿಷಲ್ಲೇ ಸೀರೆ ಕ್ಯಾನ್ಸರ್ ಧೋತಿ ಕ್ಯಾನ್ಸರ್ ಅಂತಾರೆ, ಕಾಶ್ಮೀರದಲ್ಲಿ ಕೆಂಡದ ಬುಟ್ಟಿ ಬಟ್ಟೆಯೊಳಗಿಟ್ಕೊಂಡು ಹೊಟ್ಟೆ ತೊಡೆ ಸುಟ್ಟೂ ಸುಟ್ಟೂ ಬರೋದು ಕಾಂಗ್ರಿ ಕ್ಯಾನ್ಸರ್. ಅವರು ನಮ್ ಸೀರೆನೇ ಇಸ್ಕೊಂಡಿರುವಾಗ ನಾವು ಕ್ಯಾನ್ಸರ್ ಅನ್ನೋ ಒಂದ್ ಪದ ಇಸ್ಕೊಂಡ್ರೆ ಗಂಟೇನ್ ಹೋಗುತ್ತೆ?

(ಕೋಲಾರ)
ಇಸ್ಕೊಂಡು ಇಸ್ಕೊಂಡೇ ‘ಅನ್ನ’ ಹೋಗಿ ‘ರೈಸ್’ ಬಂದಿರೋದು. ಹೋಲಿಕೆ ಸರಿಯಿಲ್ಲ.

(ಶಿಡ್ಲಘಟ್ಟ)
ಇಬ್ರೂ ಆಮೇಲೆ ಜಗಳಾಡಿ, ಪಾಪ ಅವ್ರಿಗೆ ನಾಳೆ ಪ್ರಿಂಟು. ‘ಕರಿಗಂತಿ’ ಆಗಲ್ಲ, ಎಲ್ಲಾ ಮೆಲನೋಮಾ ಗಂಟಾಗಿರಲ್ಲ, ಎಷ್ಟೋ ಸಲ ಬರೀ ಕಲೆ. ಜಮೈಕಾದ ಹಾಡುಗಾರ ಬಾಬ್ ಮಾರ್ಲಿಗೆ ಕಾಲ್ಬೆರಳಿನ ಉಗುರಿನಡಿ ಆಗಿದ್ದು ಇದೇನೇ, 1981ರಲ್ಲಿ ತೀರ್ಕೊಂಡ್ರು. ಮೇಡಂ, ಹಿಂಗ್ ಹಾಕಿ: ‘ಮೆಲನೋಮಾ (ಕಪ್ಪು ಮಚ್ಚೆಯಂತೆ ಕಾಣುವ ಚರ್ಮದ ಕ್ಯಾನ್ಸರ್). ಮೈಬಣ್ಣ ಕಪ್ಪಿದ್ದರೂ ಬರಬಹುದು. ಅಂಗಾಲು ನೋಡಿಕೊಳ್ಳಿ.’ ‘ಕಪ್ಪು ಚರ್ಮದವರು’ ಬೇಡ.

(ಚಿಂತಾಮಣಿ)
ಇದನ್ನೇ ಕಳಿಸ್ದೆ. ಥ್ಯಾಂಕ್ಸ್ ಎಲ್ರಿಗೂ.

(ಕೋಲಾರ)
‘ಮಚ್ಚೆ’ ತಪ್ಪು. ನಮ್ ಕಡೆ ಹುಟ್ಟಿನಿಂದ ಇರೋದಕ್ಕೆ ಹಂಗನ್ನೋದು.