ಮೂರು ದಿನದ ಜ್ವರ: ಆಂಟಿಬಯೋಟಿಕ್ ಶುರು ಮಾಡ್ಲಾ, ಬೇಡ್ವಾ?

ಮಗನಿಗೆ 6 ವರ್ಷ. ಜ್ವರ, ಮೂಗು ಸೋರ್ತಿದೆ, ಕೆಮ್ಮು. ಡಾಕ್ಟರು ವೈರಲ್ ಅಂತ ಪ್ಯಾರಾಸಿಟಮಾಲ್ ಮಾತ್ರ ಕೊಟ್ರು. ಅತ್ತೆ ಅಜಿತ್ರೋಮೈಸಿನ್ ಆಂಟಿಬಯೋಟಿಕ್ ತಂದುಬಿಡು ಅಂತಿದ್ದಾರೆ. ನಿಮ್ಮನೇಲಿ ಏನು ಮಾಡಿದ್ರಿ?

ತುಮಕೂರಿನ ಅಮ್ಮ:
ಕೊಡ್ಬೇಡಿ. ನಾನು ಕೊಟ್ಟು ಅನುಭವಿಸಿದೀನಿ. ಮಗಳಿಗೆ ಆಗ 4 ವರ್ಷ. ಚೀಟಿ ಇಲ್ದೆ ಮೆಡಿಕಲ್‌ನಿಂದ ಅಜಿತ್ರೋಮೈಸಿನ್ ಸಿರಪ್ ತಂದೆ, ಮೂರು ದಿನ ಹಾಕಿದೆ. ಜ್ವರ 103ರಿಂದ ಇಳೀಲಿಲ್ಲ. ಅಂಗಡಿಯವ್ರೇ ಸೆಫಿಕ್ಸಿಮ್ ಅಂತ ಇನ್ನೊಂದು ಆಂಟಿಬಯೋಟಿಕ್ ಕೊಟ್ರು. ಎರಡನೇ ದಿನಕ್ಕೆ ಭೇದಿ, ಒಂದೇ ದಿನ 11 ಸಲ, ಗೋಡೆ ಮೇಲೆ ಗೀಟು ಹಾಕಿ ಲೆಕ್ಕ ಇಟ್ಟಿದೀನಿ. ತೊಡೆ ಸಂದು ಸುಲಿದು ಕೆಂಪಗಾಯ್ತು. ಎರಡು ರಾತ್ರಿ ಡ್ರಿಪ್, ಬಿಲ್ 18,400. ಅಲ್ಲಿ ಸ್ವಾಬ್ ತೆಗೆದ್ರೆ ಇನ್‌ಫ್ಲುಯೆನ್ಸಾ, ಅಂದ್ರೆ ಫ್ಲೂ ವೈರಸ್! ಅದರ ಔಷಧಿ ಒಸೆಲ್ಟಾಮಿವಿರ್ ಮೊದಲ 48 ಗಂಟೇಲಿ ಶುರು ಮಾಡಿದ್ರೆ ಚೆನ್ನಾಗಿ ಕೆಲಸ ಮಾಡುತ್ತಂತೆ, ನಾನು ಹೋಗಿದ್ದು ಆರನೇ ದಿನ. ವೈರಸ್ಸಿಗೆ ಪ್ರೋಟೀನ್ ತಯಾರಿಸೋ ಯಂತ್ರ, ಅಂದ್ರೆ ಸ್ವಂತ ರೈಬೋಸೋಮೇ ಇಲ್ಲ. ನಮ್ಮ ಜೀವಕೋಶಕ್ಕೆ ನುಗ್ಗಿ ನಮ್ಮ ರೈಬೋಸೋಮಿಂದಲೇ ತನ್ನ ಪ್ರೋಟೀನ್ ಮಾಡಿಸ್ಕೊಳ್ಳುತ್ತೆ. ಅಜಿತ್ರೋಮೈಸಿನ್ ಹೋಗಿ ಕೂರೋದು ಬ್ಯಾಕ್ಟೀರಿಯಾದ ರೈಬೋಸೋಮಿನ ಮೇಲೆ. ಸತ್ತಿದ್ದು ಮಗು ಹೊಟ್ಟೇಲಿದ್ದ ಒಳ್ಳೇ ಬ್ಯಾಕ್ಟೀರಿಯಾ.

ಹಾಸನದ ಅಪ್ಪ:
"ಕೊಡ್ಬೇಡಿ" ಅಂತ ಒಂದೇ ಮಾತಲ್ಲಿ ಹೇಳ್ಬೇಡಿ ಮೇಡಂ. ನನ್ನ ಮಗಳಿಗೆ 9 ವರ್ಷಕ್ಕೆ ಗಂಟಲು ನೋವು, ಜ್ವರ, ಟಾನ್ಸಿಲ್ ಮೇಲೆ ಬಿಳಿ ಕೀವು. ಕೆಮ್ಮು, ನೆಗಡಿ ಇರಲಿಲ್ಲ. ವೈರಲ್ಲು ಅಂತ ನಾನೇ ತೀರ್ಮಾನ ಮಾಡಿ ಅವಳಿಗೆ ಉಪ್ಪುನೀರು ಮುಕ್ಕಳಿಸೋಕೆ ಹೇಳಿದೆ. ನಾಲ್ಕೇ ದಿನಕ್ಕೆ ವಾಸಿಯಾಯ್ತು, ಎಷ್ಟು ಬೀಗಿದೆ! ಮೂರು ವಾರಕ್ಕೆ ಮಂಡಿ ಊದಿತು, ಅದು ಇಳಿದು ಪಾದದ ಕೀಲು ಊದಿತು. ಎಕೋ (ಹೃದಯದ ಸ್ಕ್ಯಾನ್) ಮಾಡಿದ್ರೆ ಹೃದಯದ ಮೈಟ್ರಲ್ ವಾಲ್ವ್ ಸೋರ್ತಿದೆ. ಗಂಟಲಲ್ಲಿದ್ದದ್ದು ಸ್ಟ್ರೆಪ್ ಅನ್ನೋ ಬ್ಯಾಕ್ಟೀರಿಯಾ, ಅದರಿಂದ ರುಮ್ಯಾಟಿಕ್ ಜ್ವರ ಬಂದು ಕೀಲಿಗೂ ಹೃದಯಕ್ಕೂ ಏಟು ಬಿತ್ತು. ಆ ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟೋ ಕೆಲಸ ನಿಲ್ಲಿಸೋಕೆ ಹಳೇ ಪೆನಿಸಿಲಿನ್ನೇ ಸಾಕು, ಇವತ್ತಿಗೂ ಅದು ಪೆನಿಸಿಲಿನ್ನಿಗೆ ಬಗ್ಗುತ್ತೆ. 10 ದಿನದ ಮಾತ್ರೆಲಿ ಮುಗೀತಿತ್ತು. ಈಗ 21 ದಿನಕ್ಕೊಂದು ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್, ಎರಡು ದಿನ ಕುಂಟ್ತಾಳೆ. ಎಕೋ ಪ್ರತಿ ಸಲ 2,200. ವಯಸ್ಸು 40 ಆಗೋವರೆಗೂ ಬೇಕಾಗಬಹುದು ಅಂದಿದ್ದಾರೆ.

ತುಮಕೂರಿನ ಅಮ್ಮ:
ಕೇಳಿದವರ ಮಗನಿಗೆ ಮೂಗು ಸೋರ್ತಿದೆ, ಅದು ವೈರಲ್ ಲಕ್ಷಣ, ಓದಿದ್ರಾ? ಯಾಕೆ ಹೆದರಿಸ್ತೀರಿ?

ಹಾಸನದ ಅಪ್ಪ:
ಹೆದರಿಸ್ತಿಲ್ಲ. ಗಂಟಲಿಗೆ ಟಾರ್ಚ್ ಬಿಟ್ಟು ನೋಡಿ ಅಂತಿದೀನಿ. ನಾನು ನೋಡಿಯೂ ಸುಮ್ಮನಿದ್ದೆ.

ಧಾರವಾಡ ಮೆಡಿಕಲ್:
ಅಕ್ಕಾರ, ನಿಮಗ ಚೀಟಿ ಇಲ್ದ ಸೆಫಿಕ್ಸಿಮ್ ಕೊಟ್ಟಾಂವ ತಪ್ಪು ಮಾಡ್ಯಾನ. ಅದು ಎಚ್1 ಪಟ್ಟಿಯೊಳಗ ಐತಿ, ಅಂದ್ರ ಚೀಟಿ ಇಲ್ದ ಮಾರಬಾರದ ಔಷಧಿ ಪಟ್ಟಿ. 2014ರಿಂದ ರೋಗಿ ಹೆಸರು, ಡಾಕ್ಟರ್ ಹೆಸರು ರಿಜಿಸ್ಟರಿನ್ಯಾಗ ಬರ್ದು ಮೂರು ವರ್ಷ ಇಡಬೇಕು. ನಾ ಇಟ್ಟೀನಿ. ಆದ್ರ ದಿನಾ ಹತ್ತು ಮಂದಿ ಬಂದು "ಎರಡು ಗುಳಿಗಿ ಕೊಡ್ರಿ" ಅಂತ ಜಗಳ ತಗೀತಾರ, ಇಲ್ಲಂದ್ರ ಬಾಜೂ ಅಂಗಡಿಗೆ ಹೊಕ್ಕಾರ. ಬರೇ ನಮಗಷ್ಟ ಬೈಬ್ಯಾಡ್ರಿ.

ತುಮಕೂರಿನ ಅಮ್ಮ:
ಜ್ವರದ ಮಗು ಎತ್ಕೊಂಡು ರಾತ್ರಿ 9 ಗಂಟೆಗೆ ಬಂದವಳ ಹತ್ರ ಈ ಕಾನೂನು ಯಾರೂ ಹೇಳ್ಲಿಲ್ಲ. ದುಡ್ಡು ಎಣಿಸ್ಕೊಂಡ್ರು ಅಷ್ಟೇ.

ಧಾರವಾಡ ಮೆಡಿಕಲ್:
ಅದು ನಾ ಅಲ್ರೀ! ಎಲ್ಲಾರನ್ನೂ ಒಂದ ತಕ್ಕಡ್ಯಾಗ ಯಾಕ ತೂಗ್ತೀರಿ?

ಹಾಸನದ ಅಪ್ಪ:
ಸರ್, ನಿಮ್ಮಲ್ಲಿ ಬೆಂಜಥೀನ್ 12 ಲಕ್ಷ ಯೂನಿಟ್ ವಯಲ್ ಇದೆಯಾ? ಇಲ್ಲಿ ಐದು ಅಂಗಡಿ ಸುತ್ತಿದೆ, ಸ್ಟಾಕ್ ಇಲ್ಲ. ಮಗಳ ಡೋಸ್ ಗುರುವಾರಕ್ಕಿದೆ.