ಕಾಸರಗೋಡಿನ ಹುಡುಗನಿಗೆ ಅಮೆರಿಕದ ದೊಡ್ಡ ಕಾಲೇಜು ಸಿಗಬಹುದಾ? ಅನುಭವ ಇದ್ದವರು ಹೇಳಿ

ಬದಿಯಡ್ಕದಿಂದ ಪ್ರಶ್ನೆ

ನನ್ನ ಅಕ್ಕನ ಮಗ ಹತ್ತರವರೆಗೆ ಕನ್ನಡ ಮಾಧ್ಯಮ. ಎಸ್ಎಸ್ಎಲ್‌ಸಿಯಲ್ಲಿ ಎಲ್ಲದಕ್ಕೂ ಎ ಪ್ಲಸ್. ಈಗ ಪ್ಲಸ್ ವನ್ (ಹನ್ನೊಂದನೇ ಕ್ಲಾಸ್) ಸಯನ್ಸ್. ಡಿಗ್ರಿಗೇ ಅಮೆರಿಕಕ್ಕೆ ಹೋಗಬೇಕು, ಅದೂ ಹಾರ್ವರ್ಡ್, ಎಂಐಟಿಯೇ ಆಗಬೇಕು ಎನ್ನುತ್ತಾನೆ. ಭಾವನಿಗೆ ಎರಡು ಎಕರೆ ಅಡಿಕೆ ತೋಟ ಬಿಟ್ಟರೆ ಬೇರೆ ಆದಾಯ ಇಲ್ಲ. ಹುಡುಗನಿಗೆ ಏನು ಹೇಳಲಿ?

ಮುಳ್ಳೇರಿಯದಿಂದ ಒಬ್ಬ ತಾಯಿ

ಅಣ್ಣಾ, ನನ್ನ ಮಗಳು ಎರಡು ವರ್ಷದ ಹಿಂದೆ ಇದೇ ದಾರಿ ಹಿಡಿದವಳು. ಒಂಬತ್ತು ಕಡೆ ಅರ್ಜಿ ಹಾಕಿದಳು. ಏಳು ಕಡೆ ಇಲ್ಲ ಅಂದರು. ಒಂದು ಕಡೆ ವೇಯ್ಟಿಂಗ್ ಲಿಸ್ಟ್. ಒಂದು ಸಣ್ಣ ಕಾಲೇಜಿನಲ್ಲಿ ಸಿಕ್ಕಿತು, ಈಗ ಅಲ್ಲೇ ಓದುತ್ತಿದ್ದಾಳೆ.

ಲೆಕ್ಕ ಮೊದಲೇ ಗೊತ್ತಿರಲಿ. 2024ರಲ್ಲಿ ಹಾರ್ವರ್ಡ್‌ಗೆ ಬಂದ ಅರ್ಜಿ 54,008, ಸೀಟು ಕೊಟ್ಟದ್ದು 1,937 ಮಂದಿಗೆ. ಅದು ಆ ದೇಶದ ಮಕ್ಕಳೂ ಸೇರಿದ ಲೆಕ್ಕ. ಎಂಐಟಿಯಲ್ಲಿ ಹೊರದೇಶದವರಿಗೆ ಸಿಗುವುದು ನೂರಕ್ಕೆ ಎರಡರ ಆಸುಪಾಸು.

ಆದರೆ ನಮಗೆ ತಡವಾಗಿ ಗೊತ್ತಾದದ್ದು ಬೇರೆಯೇ. ಫೀಸಿಗೆ ಸಹಾಯ ಬೇಕು ಎಂದು ಬರೆದರೆ ಆ ಕಾಲೇಜು ಅದನ್ನು ಹೇಗೆ ನೋಡುತ್ತದೆ? ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್ ಕಾಲೇಜುಗಳು ಆಯ್ಕೆ ಮಾಡುವಾಗ ಹೊರದೇಶದ ಮಕ್ಕಳ ದುಡ್ಡಿನ ವಿಷಯ ನೋಡುವುದಿಲ್ಲ. ಸೀಟು ಸಿಕ್ಕಿದರೆ ಮನೆಯವರ ಕೈಲಾಗದಷ್ಟನ್ನು ಅವರೇ ಭರಿಸುತ್ತಾರೆ. ಡಾರ್ಟ್‌ಮತ್, ಬೋಡನ್ 2022ರಲ್ಲಿ ಈ ಸಾಲಿಗೆ ಬಂದವು. ಸ್ಟ್ಯಾನ್‌ಫರ್ಡ್, ಕಾರ್ನೆಲ್ ಹಾಗಲ್ಲ. ಅಲ್ಲಿ ಸಹಾಯ ಕೇಳಿದ್ದೂ ಆಯ್ಕೆಯ ಲೆಕ್ಕಕ್ಕೆ ಬರುತ್ತದೆ. ಹೆಚ್ಚಿನ ಕಾಲೇಜುಗಳು ಈ ಎರಡನೇ ಗುಂಪಿನವೇ.

ಮೊದಲು ದುಡ್ಡು ಬೇಡ ಎಂದು ಬರೆಯಿರಿ, ಸೀಟು ಸಿಕ್ಕಿದ ಮೇಲೆ ಕೇಳಿದರಾಯಿತು ಎಂದು ಒಬ್ಬ ಏಜೆಂಟ್ ನಮಗೆ ಹೇಳಿದ್ದ. ದಯವಿಟ್ಟು ಹಾಗೆ ಮಾಡಬೇಡಿ. ಅನೇಕ ಕಡೆ ಹೊರದೇಶದವರು ಸೇರುವಾಗ ಕೇಳದಿದ್ದರೆ ಮತ್ತೆ ಕೇಳುವ ಹಾಗೇ ಇಲ್ಲ.

ಆದಾಯದ ಫಾರ್ಮಿಗೆ ಸಿಎಸ್ಎಸ್ ಪ್ರೊಫೈಲ್ ಎನ್ನುತ್ತಾರೆ. ರೂಪಾಯಿಯಲ್ಲೇ ತುಂಬಬಹುದು. ವಿಲ್ಲೇಜ್ ಆಫೀಸಿನ ಆದಾಯ ಸರ್ಟಿಫಿಕೇಟ್, ಅಡಿಕೆ ಬೆಳೆಗಾರರ ಸಹಕಾರಿ ಸಂಘ ಕ್ಯಾಂಪ್ಕೋಗೆ ಅಡಿಕೆ ಮಾರಿದ ಬಿಲ್ಲು ಎಲ್ಲ ಜೋಡಿಸಿ ಇಟ್ಟುಕೊಳ್ಳಿ. ನಮಗೆ ಆ ವರ್ಷ ಕೊಳೆರೋಗ ಬಂದು ಅರ್ಧ ಫಸಲು ಹೋಗಿತ್ತು. ವಿಶೇಷ ಪರಿಸ್ಥಿತಿ ಬರೆಯುವ ಜಾಗದಲ್ಲಿ ಅದನ್ನೂ ಬರೆದೆವು. ಅಡಿಕೆ ಎಂದರೇನು, ಕೊಳೆರೋಗ ಎಂದರೇನು ಎಂದು ಎರಡು ಸಾಲಿನಲ್ಲಿ ತಿಳಿಸಬೇಕಾಯಿತು, ಅಷ್ಟೇ.

ಕುಂಬಳೆಯಿಂದ ಒಬ್ಬ ಮಾಷ್ಟ್ರು

ಕಾಗದಪತ್ರದ ಬಗ್ಗೆ ನಾನು ಹೇಳುತ್ತೇನೆ. ಅಮೆರಿಕದ ಕಾಲೇಜಿನವರು ಒಂಬತ್ತರಿಂದ ಹನ್ನೆರಡರವರೆಗಿನ ದಾಖಲೆ ಕೇಳುತ್ತಾರೆ. ನಮ್ಮ ಎಸ್ಎಸ್ಎಲ್‌ಸಿ ಸರ್ಟಿಫಿಕೇಟಿನಲ್ಲಿ ಗ್ರೇಡ್ ಮಾತ್ರ ಇರುತ್ತದೆ. ಯಾವ ಗ್ರೇಡಿಗೆ ಎಷ್ಟು ಮಾರ್ಕು ಎಂದು ಶಾಲೆಯೇ ಬರೆದು ಕೊಡಬೇಕು. ಒಂಬತ್ತನೆಯದ್ದು ಶಾಲೆಯ ರಿಜಿಸ್ಟರಿನಲ್ಲಿ ಬಿಟ್ಟರೆ ಎಲ್ಲೂ ಸಿಗದು. ಈಗಲೇ ಹೋಗಿ ಹೆಡ್‌ಮಾಷ್ಟ್ರ ಸಹಿ, ಸೀಲು ಹಾಕಿಸಿ. ಕನ್ನಡದ ದಾಖಲೆಗೆ ಇಂಗ್ಲಿಷ್ ಅನುವಾದ ಜೊತೆಗಿರಲಿ.

ಶಾಲೆಯ ಪರಿಚಯ ಎಂದು ಒಂದು ಪುಟವೂ ಬೇಕು. ಕೇರಳದಲ್ಲಿ ಕನ್ನಡ ಮಾಧ್ಯಮದ ಶಾಲೆ ಯಾಕಿದೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. 1956ರಲ್ಲಿ ನಮ್ಮ ತಾಲೂಕು ಕೇರಳಕ್ಕೆ ಸೇರಿದ್ದು, ಇಲ್ಲಿ ಭಾಷಾ ಅಲ್ಪಸಂಖ್ಯಾತರು ಇರುವುದು, ಶಾಲೆಯಲ್ಲಿ ಏನೇನು ಕಲಿಯಲು ಸಿಗುತ್ತದೆ, ಎಲ್ಲ ಬರೆಯಿರಿ. ಹುಡುಗ ಎಲ್ಲಿಂದ ಬಂದ, ಕೈಗೆ ಸಿಕ್ಕಿದ್ದರಲ್ಲಿ ಏನು ಮಾಡಿದ ಎಂದು ಅವರು ನಿಜವಾಗಿ ನೋಡುತ್ತಾರೆ.

ಶಿಫಾರಸು ಪತ್ರ ಬರೆಯುವಾಗ ನಾನೂ ಮೊದಲ ಸಲ ತಪ್ಪು ಮಾಡಿದ್ದೆ. ‘ಶಿಸ್ತಿನ ಹುಡುಗ, ಬುದ್ಧಿವಂತ’ ಎಂದು ಬರೆದು ಮುಗಿಸಿದ್ದೆ. ಅದು ಯಾರಿಗೂ ಹೊಂದುವ ಮಾತು. ಆ ಹುಡುಗ ಲ್ಯಾಬಿನಲ್ಲಿ ಕೆಟ್ಟ ಮೀಟರು ಬಿಚ್ಚಿ ಸರಿಮಾಡಿದ್ದನ್ನು ನಾನೇ ಕಂಡಿದ್ದೆ. ಅದನ್ನು ಬರೆಯಬೇಕಿತ್ತು.

ಮಂಜೇಶ್ವರದಿಂದ ಒಬ್ಬ ಹುಡುಗ

ನನಗೆ ಎಲ್ಲೂ ಸಿಗಲಿಲ್ಲ. ಉತ್ತರ ಬರುವುದು ಮಾರ್ಚ್ ಕೊನೆಗೆ, ನಮ್ಮ ಪ್ಲಸ್ ಟು ಪರೀಕ್ಷೆಯೂ ಮಾರ್ಚಿನಲ್ಲೇ. ನಾನು ಅದೊಂದನ್ನೇ ಕಾಯುತ್ತಾ ಕೂತು ಕೇರಳದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಕೀಮ್‌ಗೆ ಓದಲೇ ಇಲ್ಲ, ಒಂದು ವರ್ಷ ಹೋಯಿತು. ಊರಿನ ಪರೀಕ್ಷೆಗಳನ್ನು ಬಿಡಬೇಡ ಅಂತ ಅವನಿಗೆ ಹೇಳಿ. ಮತ್ತೆ, ಎಂಐಟಿಗೆ 2022ರಿಂದ ಎಸ್ಎಟಿ ಅಥವಾ ಎಸಿಟಿ ಎಂಬ ಪ್ರವೇಶ ಪರೀಕ್ಷೆ ಪುನಃ ಕಡ್ಡಾಯ. ಪ್ಲಸ್ ವನ್ ರಜೆಯಲ್ಲೇ ಶುರು ಮಾಡಲಿ.

ಮುಳ್ಳೇರಿಯದ ತಾಯಿ, ಮತ್ತೊಮ್ಮೆ

ಅರ್ಜಿಯ ಜೊತೆ ತನ್ನ ಬಗ್ಗೆ ಬರೆಯಬೇಕಾದ ಪ್ರಬಂಧದ ಬಗ್ಗೆ ಹೇಳಲು ಬಿಟ್ಟುಹೋಯಿತು. ಹಲವು ಕಾಲೇಜುಗಳಿಗೆ ಒಟ್ಟಿಗೆ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ 650 ಪದ ಮೀರುವಂತಿಲ್ಲ. ಮಗಳು ಮೊದಲು ಲೋಕವನ್ನೇ ಉದ್ಧಾರ ಮಾಡುತ್ತೇನೆ ಎಂಬ ಹಾಗೆ ಬರೆದಿದ್ದಳು. ಆಮೇಲೆ ಅದನ್ನು ಬಿಟ್ಟು ಅಜ್ಜಿಯ ವಿಷಯ ಬರೆದಳು. ಅಜ್ಜಿಗೆ ಬರುವ ಕಾಗದ ಎಲ್ಲ ಮಲಯಾಳದಲ್ಲಿ, ಅಜ್ಜಿಗೆ ಓದಲು ಬರುವುದು ಕನ್ನಡ ಮಾತ್ರ. ಆರನೇ ಕ್ಲಾಸಿನಿಂದಲೇ ಇವಳು ಓದಿ ಹೇಳುತ್ತಿದ್ದಳು. ಕ್ರಮೇಣ ಅಕ್ಕಪಕ್ಕದ ಮನೆಯವರೂ ಕಾಗದ ಹಿಡಿದುಕೊಂಡು ಜಗಲಿಗೆ ಬರತೊಡಗಿದರು. ಅಷ್ಟನ್ನೇ ಬರೆದಳು.

ಬದಿಯಡ್ಕದಿಂದ

ಎಲ್ಲವನ್ನೂ ಅಳಿಯನಿಗೆ ಓದಿ ಹೇಳಿದೆ. ನಾಳೆ ಭಾವನ ಜೊತೆ ಶಾಲೆಗೆ ಹೋಗಿ ರಿಜಿಸ್ಟರ್ ಕೇಳುತ್ತೇವೆ. ಅವನದ್ದೊಂದು ಪ್ರಶ್ನೆ ಉಂಟು ಅಕ್ಕಾ: ಪ್ರಬಂಧವನ್ನು ಮೊದಲು ಕನ್ನಡದಲ್ಲಿ ಬರೆದು ಆಮೇಲೆ ಇಂಗ್ಲಿಷಿಗೆ ಮಾಡಬಹುದಾ?

ಮುಳ್ಳೇರಿಯದ ತಾಯಿ

ನನ್ನ ಮಗಳು ಹಾಗೇ ಮಾಡಿದ್ದು. ಇಂಗ್ಲಿಷಿಗೂ ಅವನೇ ಮಾಡಲಿ, ಬೇರೆಯವರ ಕೈಗೆ ಕೊಡುವುದು ಬೇಡ.